ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಕರಡು ತಿದ್ದುವವನ ಒಂದು ಶನಿವಾರ

ಪುಸ್ತಕದ ಅಂಗಡಿಗೆ ನಾನು ಅಂಕ ಕೊಡುವ ಕ್ರಮ ಸ್ವಲ್ಪ ಬೇರೆ. ಒಳಗೆ ಕಾಲಿಟ್ಟ ಮೇಲೆ ಎಷ್ಟು ನಿಮಿಷಕ್ಕೆ "ಏನ್ ಬೇಕು ಸಾರ್?" ಅನ್ನುವ ಪ್ರಶ್ನೆ ಬರುತ್ತದೆ ಅಂತ ವಾಚು ನೋಡಿಕೊಳ್ಳುತ್ತೇನೆ. ಎರಡೇ ನಿಮಿಷಕ್ಕೆ ಬಂದರೆ ಅದು ಔಷಧಿ ಅಂಗಡಿ. ಹತ್ತು ನಿಮಿಷ ತಡೆದರೆ ಬಟ್ಟೆ ಅಂಗಡಿಗಿಂತ ವಾಸಿ. ಹೋದ ಶನಿವಾರ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಬುಕ್ ಹೌಸಿನಲ್ಲಿ ಎರಡು ಗಂಟೆ ಹತ್ತು ನಿಮಿಷ ಇದ್ದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಕೇಳಿದೆ, ಕೂತ್ಕೊಳ್ಳೋಕೆ ಒಂದು ಸ್ಟೂಲ್ ಇದೆಯಾ ಅಂತ. ಹುಡುಗ ತಂದುಕೊಟ್ಟು, ಮತ್ತೇನೂ ಮಾತಾಡದೆ ಹೋದ. ನನ್ನ ಲೆಕ್ಕದಲ್ಲಿ ಅಲ್ಲಿಗೇ ಪೂರ್ತಿ ಅಂಕ.

ನನ್ನ ಪರಿಚಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1984ರಲ್ಲಿ ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅಂದಿನಿಂದ ಬೇರೆ ಕೆಲಸ ಮಾಡಿಲ್ಲ, ಬರುವುದೂ ಇಲ್ಲ. ಮೊಮ್ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ "ನಮ್ಮ ತಾತ ಕರಡಿ ತಿದ್ದುತ್ತಾರೆ" ಅಂದಿದ್ದಳಂತೆ. ಟೀಚರು ನಮ್ಮ ಮನೆಗೆ ಫೋನ್ ಮಾಡಿ ವಿಚಾರಿಸಿದ್ದರು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕೆಲವು ಹಸ್ತಪ್ರತಿಗಳು ಹಾಗೇ ಇರುತ್ತವೆ, ಹತ್ತಿರ ಹೋದರೆ ಪರಚುತ್ತವೆ.

ಹೋಗುವ ದಾರಿ ಸುಲಭ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎಂ.ಜಿ. ರೋಡ್ ನಾಲ್ಕನೇ ನಿಲ್ದಾಣ. ಅಲ್ಲಿಂದ ನಡೆದರೆ ನಾಲ್ಕೈದು ನಿಮಿಷ. ರಸ್ತೆಗೆ 2018ರಲ್ಲಿ ಕಲ್ಲು ಹಾಸಿದ ಮೇಲೆ ನಡೆಯುವುದು ಹಿತವಾಗಿದೆ, ಆದರೆ ಸಂಜೆ ಹೋದರೆ ಫೋಟೋ ತೆಗೆಸಿಕೊಳ್ಳುವವರ ಮಧ್ಯೆ ಅಡ್ಡ ಬರುವ ಮುದುಕ ನೀವೇ ಆಗುತ್ತೀರಿ. ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋಗಿ.

ಬ್ಲಾಸಮ್ ಶುರು ಮಾಡಿದ ಮಾಯಿಗೌಡರು ಮೈಸೂರು ಕಡೆಯವರು. ಇಂಜಿನಿಯರಿಂಗ್ ಓದಿ, ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರಿ, ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ಸಣ್ಣ ಜಾಗ ಹಿಡಿದವರು. ಆ ಸಣ್ಣ ಜಾಗ ಮಹಡಿ ಮೇಲೆ ಮಹಡಿ ಬೆಳೆದು, ಅದೇ ಬೀದಿಯಲ್ಲಿ ಇನ್ನೊಂದು ಮಳಿಗೆಯೂ ಆಗಿದೆ. ಹೊಸ ಪುಸ್ತಕ, ಹಳೇ ಪುಸ್ತಕ ಎರಡೂ ಇವೆ. ಹಳೆಯದರ ಮೇಲೆ ಬೆಲೆಯ ಚೀಟಿ ಅಂಟಿಸಿರುತ್ತಾರೆ. ನಿಮ್ಮ ಹತ್ತಿರ ಓದಿ ಮುಗಿಸಿದ್ದು ಇದ್ದರೆ ನೋಡಿ ತಗೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎರಡು ಪುಸ್ತಕ ಒಳಗೆ ಬರಬೇಕಾದರೆ ಎರಡು ಹೊರಗೆ ಹೋಗಬೇಕು ಅನ್ನೋ ಕಾನೂನು ಇದೆ. ಕಾನೂನು ಮಾಡಿದ್ದು ನಮ್ಮನೆಯವಳು. ಹಾಗಾಗಿ ನನಗೆ ಇದು ಅನುಕೂಲ.

ಆ ಬೀದಿಗೆ ಹೋದಾಗ ನನ್ನ ವಯಸ್ಸಿನವರಿಗೆ ಪ್ರೀಮಿಯರ್ ನೆನಪಾಗದೆ ಇರದು. ಟಿ.ಎಸ್. ಶಾನಭಾಗರು 1971ರಲ್ಲಿ ಶುರು ಮಾಡಿ 2009ರಲ್ಲಿ ಮುಚ್ಚಿದ ಅಂಗಡಿ. ಅಲ್ಲಿ ಪುಸ್ತಕಗಳು ಕಪಾಟಿನಲ್ಲಿ ಇರುತ್ತಿರಲಿಲ್ಲ, ಗೋಡೆಯ ಹಾಗೆ ಪೇರಿಸಿಕೊಂಡಿರುತ್ತಿದ್ದವು. ಕೆಳಗಿನದನ್ನು ಎಳೆಯಲು ಧೈರ್ಯ ಬೇಕಿತ್ತು. ಆದರೆ ಯಾವ ಗುಡ್ಡೆಯಲ್ಲಿ ಯಾವುದಿದೆ ಅಂತ ಶಾನಭಾಗರಿಗೆ ಗೊತ್ತಿತ್ತು. ಕೇಳಿದರೆ ಕೈ ಹಾಕಿ ತೆಗೆದುಕೊಡುತ್ತಿದ್ದರು. ಕಂಪ್ಯೂಟರ್ ನೋಡಿ "ಸ್ಟಾಕ್ ತೋರಿಸ್ತಿದೆ ಸಾರ್, ಆದ್ರೆ ಸಿಗ್ತಿಲ್ಲ" ಅನ್ನುವ ಕಾಲದಲ್ಲಿ ಅದನ್ನು ನೆನೆಸಿಕೊಂಡರೆ ಪವಾಡದ ಹಾಗೆ ಕಾಣುತ್ತದೆ.

ಈಗ ಮುಖ್ಯ ವಿಷಯ. ಬ್ಲಾಸಮ್‌ಗೆ ಹೋಗುವವರು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಕ್ಕೆ ಹೋಗುತ್ತಾರೆ. ಅಂಗಡಿಯ ಬಹುಪಾಲು ಅದೇ ಇದೆ. ಬರೀ ಕನ್ನಡ ಬೇಕು, ಅದೂ ಹೊಸದು ಬೇಕು ಅನ್ನುವವರು ಗಾಂಧಿ ಬಜಾರಿನ ಅಂಕಿತಕ್ಕೋ, ನವಕರ್ನಾಟಕಕ್ಕೋ, ಗಾಂಧಿನಗರದ ಸಪ್ನಾಕ್ಕೋ ಹೋಗುವುದು ಸರಿ. ನಾನು ಹೋಗುವುದು ಹಳೇ ಕನ್ನಡ ಪುಸ್ತಕಕ್ಕೆ. ಯಾರದೋ ಮನೆ ಖಾಲಿ ಆಗಿ, ಯಾರೋ ಅಮೆರಿಕಕ್ಕೆ ಹೋಗಿ, ಯಾರೋ ತೀರಿಕೊಂಡು ಬಂದ ಪುಸ್ತಕಗಳು. ಯಾವತ್ತು ಏನು ಬರುತ್ತದೆ ಅಂತ ಹೇಳಲಾಗುವುದಿಲ್ಲ. ಒಂದು ಸಲ ಬರಿಗೈಲಿ ಬಂದಿದ್ದೇನೆ, ಇನ್ನೊಂದು ಸಲ ಆಟೋ ಮಾಡಬೇಕಾಯಿತು.

ಕನ್ನಡದ ಕಪಾಟಿನ ಮುಂದೆ ನಿಂತರೆ ಮೊದಲು ಕತ್ತಿಗೆ ವ್ಯಾಯಾಮ. ಇಂಗ್ಲಿಷ್ ಪುಸ್ತಕದ ಬೆನ್ನಿನ ಮೇಲೆ ಹೆಸರು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಓಡುತ್ತದೆ. ತಲೆ ಬಲಕ್ಕೆ ವಾಲಿಸಿದರೆ ಸಾಕು, ಇಡೀ ಸಾಲು ಓದಿಬಿಡಬಹುದು. ನಮ್ಮಲ್ಲಿ ಒಬ್ಬ ಪ್ರಕಾಶಕರು ಮೇಲಿಂದ ಕೆಳಕ್ಕೆ, ಇನ್ನೊಬ್ಬರು ಕೆಳಗಿಂದ ಮೇಲಕ್ಕೆ. ಬಲಕ್ಕೊಮ್ಮೆ ಎಡಕ್ಕೊಮ್ಮೆ ತಲೆ ಹಾಕುತ್ತಾ ನಿಂತರೆ ದೂರದಿಂದ ನೋಡುವವರಿಗೆ ಬೊಂಬೆಯ ಹಾಗೆ ಕಾಣುತ್ತೇವೆ. ಇನ್ನು ಕವನ ಸಂಕಲನಗಳ ಕಥೆ ಬೇರೆ. ಪಿನ್ ಹೊಡೆದ 64 ಪುಟಕ್ಕೆ ಬೆನ್ನೇ ಇರುವುದಿಲ್ಲ. ಒಂದೊಂದಾಗಿ ಎಳೆದು ನೋಡಬೇಕು. ಕವಿಗಳು ಮರೆತುಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಪುಸ್ತಕ ಕೈಗೆ ಬಂದರೆ ನಾನು ಮುನ್ನುಡಿ ತೆಗೆಯುವುದಿಲ್ಲ, ಮೊದಲ ಸಾಲು ಓದುವುದಿಲ್ಲ. ಹೆಸರಿನ ಪುಟ ತಿರುವಿದ ತಕ್ಷಣ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದನ್ನು ಓದುತ್ತೇನೆ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಯಾವ ಅಳತೆ, ಯಾವ ಕಾಗದ, ಎಲ್ಲಿ ಅಚ್ಚಾಯಿತು. ಕನ್ನಡ ಪುಸ್ತಕದವರಿಗೆ ಈ ವಿಷಯದಲ್ಲಿ ಮುಚ್ಚುಮರೆ ಇಲ್ಲ. "ಪ್ರತಿಗಳು: 1000. ಕಾಗದ: 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ. ಡೆಮಿ 1/8." ಹೀಗೆ ಎಲ್ಲಾ ಬರೆದಿರುತ್ತಾರೆ. ಮುಖಪುಟ ಮಾಡಿದವರ ಹೆಸರು ಇರುತ್ತದೆ, ಅಕ್ಷರ ಜೋಡಿಸಿದವರ ಹೆಸರು ಇರುತ್ತದೆ, ಮುದ್ರಕರ ವಿಳಾಸ ಪಿನ್‌ಕೋಡ್ ಸಮೇತ ಇರುತ್ತದೆ. ಕರಡು ತಿದ್ದಿದವರ ಹೆಸರು ಮಾತ್ರ ಇರುವುದು ಅಪರೂಪ. ಇದು ದೂರಲ್ಲ. ಹೆಸರು ಹಾಕದೇ ಇರುವುದರಿಂದ ನನಗೆ ಒಂದು ದೊಡ್ಡ ಉಪಕಾರವೇ ಆಗಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಆವತ್ತು ಸಿಕ್ಕ ಮೊದಲ ಪುಸ್ತಕ 1950ರ ದಶಕದ ಒಂದು ಪ್ರವಾಸ ಕಥನ. ಎರಡು ಬೆಲೆ ಅಚ್ಚಾಗಿದೆ, ಸಾದಾ ಪ್ರತಿಗೆ ಒಂದು, ಕ್ಯಾಲಿಕೊ ಬಟ್ಟೆಯ ಬೈಂಡಿಗೆ ಒಂದು. ಬೆಲೆ ಆಣೆಯಲ್ಲಿದೆ. ಅಂದರೆ 1957ರಲ್ಲಿ ಹೊಸ ಪೈಸೆ ಬರುವುದಕ್ಕೆ ಮುಂಚಿನದು. ಪುಟವನ್ನು ಬೆರಳಿನಿಂದ ಸವರಿದರೆ ಹಿಂದಿನ ಅಕ್ಷರಗಳು ಉಬ್ಬಿಕೊಂಡು ಕೈಗೆ ತಾಗುತ್ತವೆ. ಸೀಸದ ಅಚ್ಚುಮೊಳೆ ಒತ್ತಿದ ಗುರುತು. ಆಫ್‌ಸೆಟ್‌ನಲ್ಲಿ ಈ ಸುಖ ಇಲ್ಲ. ಅಲ್ಲಲ್ಲಿ ದೀರ್ಘದ ಗುರುತು ಮುರಿದಿದೆ. ಒಂದು ಕಡೆ 'ನೀರು' ಅನ್ನುವುದು 'ನಿರು' ಆಗಿದೆ. ಇದು ಕರಡು ತಿದ್ದಿದವನ ತಪ್ಪಲ್ಲ. ಅಚ್ಚಾಗುವಾಗ ಮೊಳೆ ಸವೆದು ದೀರ್ಘ ಉದುರಿರುತ್ತದೆ. ಮೊದಲ ನೂರು ಪ್ರತಿಯಲ್ಲಿ ಅದು ಸರಿಯಾಗೇ ಇದ್ದೀತು.

ಮೊಳೆಯ ಕಾಲದ ಕನ್ನಡ ಜೋಡಣೆ ಅಂದರೆ ಹುಡುಗಾಟ ಅಲ್ಲ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ 52. ನಮಗೆ ಕಾಗುಣಿತ, ಒತ್ತು ಎಲ್ಲಾ ಸೇರಿ ನೂರಾರು ಮೊಳೆ. ಮೊಳೆ ಜೋಡಿಸುವ ಕಂಪೋಸಿಟರ್, ಮೊಳೆಗಳ ಮನೆಗಳಿರುವ ಕೇಸಿನ ಮುಂದೆ ನಿಂತೇ ಕೆಲಸ ಮಾಡಬೇಕು. ಎಡಗೈಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಮನೆಯಿಂದ ಮನೆಗೆ ಹಾರುತ್ತಿರುತ್ತದೆ. ಓದುವುದು ತಲೆಕೆಳಗಾಗಿ. ನಮ್ಮ ಪ್ರೆಸ್ಸಿನಲ್ಲಿ ಒಬ್ಬರು ಹಿರಿಯರಿದ್ದರು, ದಿನಪತ್ರಿಕೆಯನ್ನೂ ಸುಮ್ನೆ ಅಭ್ಯಾಸಕ್ಕೆ ತಲೆಕೆಳಗೆ ಹಿಡಿದು ಓದುತ್ತಿದ್ದರು. ಅವರು ಜೋಡಿಸಿದ ಗ್ಯಾಲಿ, ಅಂದರೆ ಮೊದಲ ಕರಡು, ಬಂದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. 'ವಿದ್ಯಾರ್ಥಿ'ಯನ್ನು 'ವಿಧ್ಯಾರ್ಥಿ' ಮಾಡಿದ್ದು, 'ಶುಭಾಶಯ'ವನ್ನು 'ಶುಭಾಷಯ' ಮಾಡಿದ್ದು ಅವರ ಕೈಯಲ್ಲಿ ನಾನು ಒಂದು ಸಲವೂ ಕಂಡಿಲ್ಲ. ಅವರು ಓದಿದ್ದು ನಾಲ್ಕನೇ ಕ್ಲಾಸು.

ಆಮೇಲೆ ಕಂಪ್ಯೂಟರ್ ಬಂತು. 1998ರಲ್ಲಿ 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ, ಅದರ ಹಿಂದೆಯೇ 'ನುಡಿ' ಅನ್ನುವ ಇನ್ನೊಂದು. ಒಳ್ಳೆಯದೇ ಆಯಿತು, ನಿಂತು ನಿಂತು ಕಾಲು ಊದಿಕೊಳ್ಳುವುದು ತಪ್ಪಿತು. ಆದರೆ ತಪ್ಪುಗಳ ಜಾತಿ ಬದಲಾಯಿತು. ಹಳೇ ನುಡಿಯ ಅಕ್ಷರವನ್ನು ಈಗಿನ ಯೂನಿಕೋಡ್ ಸಂಕೇತಕ್ಕೆ ತಿರುಗಿಸುವಾಗ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದವರ ಮನೆಗೆ ಹೋಗುತ್ತದೆ. ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಮನುಷ್ಯ ಮಾಡಿದ ತಪ್ಪಿನ ಹಿಂದೆ ಒಂದು ಕಾರಣ ಇರುತ್ತದೆ, ನಿದ್ದೆಯೋ ಅವಸರವೋ ಗೊತ್ತಾಗುತ್ತದೆ. ಯಂತ್ರ ಮಾಡಿದ್ದಕ್ಕೆ ತಲೆಬುಡ ಇಲ್ಲ. ಹೊಸ ಪುಸ್ತಕ ಕೊಳ್ಳುವಾಗ ನಾನು ಯಾವಾಗಲೂ ಪುಟ 40ರ ಆಸುಪಾಸು ಒಂದು ಪುಟ ಓದಿ ನೋಡುತ್ತೇನೆ. ಮೊದಲ ಹತ್ತು ಪುಟ ಎಲ್ಲರೂ ಹುಷಾರಾಗಿ ನೋಡಿರುತ್ತಾರೆ. ನಲವತ್ತಕ್ಕೆ ಬರುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ. ಎರಡಕ್ಕಿಂತ ಜಾಸ್ತಿ ತಪ್ಪು ಸಿಕ್ಕರೆ ವಾಪಸ್ ಇಡುತ್ತೇನೆ. ಇದನ್ನು ಮಾಡಲು ಬಿಡುವ ಅಂಗಡಿ ಬೇಕು ಅಂತಲೇ ನಾನು ಅಷ್ಟು ದೂರ ಹೋಗುವುದು.

ಆನ್‌ಲೈನ್‌ನಲ್ಲಿ ಈ ಸೌಲಭ್ಯ ಇಲ್ಲ. ಹೋದ ವರ್ಷ ಒಂದು ಹಳೇ ಪುಸ್ತಕ ಯಾವುದೋ ಮಾರಾಟಗಾರರ ಹತ್ತಿರ ತರಿಸಿದೆ. ಬೆಲೆ 650 ರೂಪಾಯಿ. ಬಂದಿದ್ದು ಯಾವುದೋ ಲೈಬ್ರರಿ ಪ್ರತಿಯ ಸ್ಕ್ಯಾನು, ಅದನ್ನೇ ಪ್ರಿಂಟ್ ಹೊಡೆದು ಬೈಂಡ್ ಮಾಡಿದ್ದಾರೆ. ಲೈಬ್ರರಿಯ ಠಸ್ಸೆ ಇದೆ, ಯಾರದೋ ಹೆಬ್ಬೆರಳು ಒಂದು ಪುಟದ ಮೂಲೆಯಲ್ಲಿ ಹಾಗೇ ಅಚ್ಚಾಗಿದೆ. ಹೆಬ್ಬೆರಳಿನ ಕೆಳಗೆ ಮೂರು ಸಾಲು ಕಥೆ ಇದೆ, ಓದುವ ಹಾಗಿಲ್ಲ. ವಾಪಸ್ ಕಳಿಸುತ್ತೇನೆ ಅಂದರೆ, ಏಳು ದಿನ ಆಗಿಹೋಯಿತು ಅಂದರು. ಹೆಬ್ಬೆರಳು ಈಗಲೂ ನಮ್ಮ ಮನೆಯಲ್ಲಿದೆ.

ಈಗ ನಾನು ಹೇಳಬೇಕಾಗಿದ್ದ ಆ ಉಪಕಾರದ ವಿಷಯ. 1991ರಲ್ಲಿ ಮಲೆನಾಡಿನ ಒಬ್ಬ ಲೇಖಕರ ಕಾದಂಬರಿ ನಮ್ಮ ಪ್ರೆಸ್ಸಿಗೆ ಬಂತು. ಅವರು ಈಗ ಇಲ್ಲ, ಹೆಸರು ಬೇಡ. ಅದರಲ್ಲಿ ಒಂದು ಸಾಲು: "ಮಧ್ಯಾಹ್ನದ ಹೊತ್ತಿಗೆ ಮಳೆ ಹೊಳವಾಯಿತು. ಅಂಗಳದಲ್ಲಿ ಅಡಿಕೆ ಹರವಿದರು." ನಾನು ಹುಟ್ಟಿದ್ದು ಚಾಮರಾಜಪೇಟೆ, ಬೆಳೆದಿದ್ದು ಚಾಮರಾಜಪೇಟೆ. 'ಹೊಳವಾಯಿತು' ಅಂದರೆ ಏನು ಅಂತ ಗೊತ್ತಿರಲಿಲ್ಲ. ಮೊಳೆ ತಪ್ಪಿರಬೇಕು ಅಂದುಕೊಂಡು 'ಹೊಳೆಯಾಯಿತು' ಅಂತ ತಿದ್ದಿದೆ. ಮಳೆ ಜೋರಾಗಿ ಹೊಳೆಯ ಹಾಗೆ ಹರಿಯಿತು, ಸರಿ ತಾನೇ ಅಂತ. ಮುಂದಿನ ಸಾಲಿನಲ್ಲಿ ಅಡಿಕೆ ಹರವಿದ್ದಾರೆ ಅನ್ನುವುದು ಕಣ್ಣಿಗೇ ಬೀಳಲಿಲ್ಲ. ಮಳೆ ನಿಂತು ಬಿಸಿಲು ಕಾಣಿಸಿಕೊಳ್ಳುವುದಕ್ಕೆ ಆ ಕಡೆ ಹೊಳವಾಗುವುದು ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಪುಸ್ತಕ ಅಚ್ಚಾಗಿ, ಲೇಖಕರಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂದ ಮೇಲೆ. ಅದರಲ್ಲಿ ಒಂದೇ ಸಾಲು ಇತ್ತು: "ಮಳೆ ಹೊಳೆಯಾದರೆ ಅಡಿಕೆ ಎಲ್ಲಿ ಹರವುವುದು ಸ್ವಾಮಿ?"

ಸಬೂಬು ಹೇಳಬೇಕೆಂದರೆ ಹೇಳಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮೊದಲನೆಯದು 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ನನ್ನ ತಪ್ಪು ಅಚ್ಚಾಗುವಾಗ ಅವರಿನ್ನೂ ಹಕಾರಕ್ಕೆ ಬಂದಿರಲಿಲ್ಲ. ಪರಿಷತ್ತು ನಮ್ಮ ಪ್ರೆಸ್ಸಿಂದ ನಡೆದುಹೋಗುವಷ್ಟು ದೂರ, ಆದರೂ ಪ್ರಯೋಜನ ಇರಲಿಲ್ಲ. ಆದರೆ ನಿಘಂಟು ಯಾಕೆ, ಲೇಖಕರಿಗೆ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. 'ತಪ್ಪು-ಒಪ್ಪು' ಚೀಟಿ ಅಂಟಿಸೋಣ ಅಂತ ಪ್ರಕಾಶಕರನ್ನು ಕೇಳಿಕೊಂಡೆ. ಎರಡನೇ ಮುದ್ರಣದಲ್ಲಿ ನೋಡೋಣ ಬಿಡಿ ಅಂದರು. ಎರಡನೇ ಮುದ್ರಣ ಆಗಲಿಲ್ಲ. ಹಾಗಾಗಿ ಲೋಕದಲ್ಲಿ ಆ ಪುಸ್ತಕದ 1000 ಪ್ರತಿ ಇವೆ, 1000 ಕಡೆ ಹೊಳೆ ಹರಿಯುತ್ತಿದೆ. ಅವುಗಳಲ್ಲಿ ಎಷ್ಟು ಗೆದ್ದಲಿಗೆ ಹೋದವೋ, ಎಷ್ಟು ರದ್ದಿಗೆ ಹೋದವೋ. ಉಳಿದಿದ್ದು ಎಲ್ಲಿ ಸಿಕ್ಕರೂ ಕೊಂಡು, ಪುಟ 112 ತೆಗೆದು, ಪೆನ್ಸಿಲ್‌ನಲ್ಲಿ ತಿದ್ದಿ, ಓದುವವರು ಯಾರಿಗಾದರೂ ಕೊಡುತ್ತೇನೆ. ಅವೆನ್ಯೂ ರೋಡಿನಲ್ಲಿ ಒಂದು ಸಿಕ್ಕಿತ್ತು. ತಿಪಟೂರಿನಲ್ಲಿ ಭಾವಮೈದನ ಮನೆಯ ಅಟ್ಟದ ಮೇಲೆ ಒಂದು. ಜಯನಗರದಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಮುಚ್ಚುವಾಗ ಮೂರನೆಯದು. ನಮ್ಮನೆಯವಳು ಇದನ್ನು ಹುಚ್ಚು ಅನ್ನುತ್ತಾಳೆ. ಮಗ ಇನ್ನೂ ಸ್ವಲ್ಪ ಮರ್ಯಾದೆಯಿಂದ ಹವ್ಯಾಸ ಅನ್ನುತ್ತಾನೆ.

ಚರ್ಚ್ ಸ್ಟ್ರೀಟಿಗೆ ಹೋದವರು ಬ್ಲಾಸಮ್ ಒಂದನ್ನೇ ನೋಡಿ ಬರಬೇಡಿ. ಅದೇ ಬೀದಿಯಲ್ಲಿ ಬುಕ್‌ವರ್ಮ್ ಇದೆ, ಅಲ್ಲೂ ಕನ್ನಡದ ಕಪಾಟು ಇದೆ, ಗಾಳಿ ಬೆಳಕು ಚೆನ್ನಾಗಿದೆ. ಬ್ರಿಗೇಡ್ ರೋಡ್ ಪಕ್ಕದ ಓಣಿಯಲ್ಲಿ ಸೆಲೆಕ್ಟ್ ಬುಕ್ ಶಾಪ್ ಇದೆ. ಕೆ.ಬಿ.ಕೆ. ರಾವ್ ಅವರು 1945ರಲ್ಲಿ ಶುರು ಮಾಡಿದ್ದು. ಆಮೇಲೆ ಮಗ ಕೆ.ಕೆ.ಎಸ್. ಮೂರ್ತಿಯವರು ನೋಡಿಕೊಂಡರು. ಅಪರೂಪದ ಪುಸ್ತಕ ಬೇಕಾದವರು ಹೋಗುವ ಜಾಗ. ನನ್ನ ಜೇಬಿಗೆ ಅಪರೂಪ ಅಷ್ಟಾಗಿ ಒಗ್ಗುವುದಿಲ್ಲ. ಆದರೂ ಅಲ್ಲಿ ಹೋಗಿ ಕಿಟೆಲ್ ಕಾಲದ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನ ಅಚ್ಚು ಯಾವುದಾದರೂ ಇದೆಯಾ ಅಂತ ಕೇಳುವುದು ನನಗೆ ದೇವಸ್ಥಾನದಲ್ಲಿ ಗಂಟೆ ಹೊಡೆದ ಹಾಗೆ. ಕಿಟೆಲ್ಲರ ನಿಘಂಟು 1894ರಲ್ಲಿ ಆ ಪ್ರೆಸ್ಸಿನಿಂದ ಬಂದಿದ್ದು. ಅಷ್ಟು ದೊಡ್ಡ ಪುಸ್ತಕದ ಕರಡು ಎಷ್ಟು ರಾತ್ರಿ ದೀಪದ ಬೆಳಕಿನಲ್ಲಿ ನೋಡಿದರೋ ಅಂತ ಯೋಚಿಸಿದರೆ ಕಣ್ಣು ನೋಯುತ್ತದೆ.

ಯಾರು ಹೋಗಬಾರದು ಅಂತಲೂ ಹೇಳಿಬಿಡುತ್ತೇನೆ. ಧೂಳು ಆಗದವರು ಹಳೇ ಪುಸ್ತಕದ ಸಹವಾಸಕ್ಕೆ ಹೋಗಬೇಡಿ. ಅದು ಅಂಗಡಿಯ ಧೂಳಲ್ಲ, ಪುಸ್ತಕವೇ ತನ್ನ ಜೊತೆ ತಂದಿರುವುದು. ಒಂದೇ ಪುಸ್ತಕ ಬೇಕು, ಹತ್ತು ನಿಮಿಷದಲ್ಲಿ ಬೇಕು ಅನ್ನುವವರಿಗೂ ಇದು ಆಗುವುದಿಲ್ಲ. ಜೊತೆಗೆ ಓದದ ಸ್ನೇಹಿತರನ್ನು ಕರೆದುಕೊಂಡು ಹೋಗಬೇಡಿ. ಅವರು ಪಾಪ, ಐದು ನಿಮಿಷಕ್ಕೊಮ್ಮೆ "ಆಯ್ತಾ?" ಅನ್ನುತ್ತಿರುತ್ತಾರೆ. ಒಂದು ಸಣ್ಣ ಮಸೂರ, ಕರವಸ್ತ್ರ, ಗಟ್ಟಿ ಚೀಲ ಇರಲಿ. ಪುಸ್ತಕ ತೆಗೆದ ಜಾಗಕ್ಕೇ ವಾಪಸ್ ಇಡಿ, ಇದನ್ನು ಹೇಳಲೇಬೇಕಾ?

ಬೆಲೆ ವಿಷಯ. ಹಳೇ ಕನ್ನಡ ಪುಸ್ತಕದ ಮೇಲೆ ಅಚ್ಚಾಗಿರುವುದು 4 ರೂಪಾಯಿ ಇರಬಹುದು, ಚೀಟಿಯಲ್ಲಿ 100 ಇರಬಹುದು. ಇದಕ್ಕೆ ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಹೊಸ ಕನ್ನಡ ಪುಸ್ತಕಕ್ಕೆ ಈಗ ಹತ್ತಿರ ಹತ್ತಿರ ಪುಟಕ್ಕೆ ಒಂದು ರೂಪಾಯಿ ಲೆಕ್ಕ. ಹಾಗೆ ನೋಡಿದರೆ 240 ಪುಟದ ಹಳೇ ಪುಸ್ತಕ ನೂರಕ್ಕೆ ಸಿಗುವುದು ದುಬಾರಿ ಏನಲ್ಲ. ಮರುಮುದ್ರಣ ಆಗದೇ ಇರುವುದಾದರೆ ಇನ್ನೂ ಅಗ್ಗ.

ಆವತ್ತು ಪ್ರವಾಸ ಕಥನದ ಜೊತೆ ಒಂದು ಪ್ರಬಂಧ ಸಂಕಲನ ಎತ್ತಿಟ್ಟುಕೊಂಡಿದ್ದೆ. ಎರಡು ತಂದು ಕೊಟ್ಟಿದ್ದೆ, ಎರಡು ಆಯಿತು, ಕಾನೂನು ಪ್ರಕಾರ ಎದ್ದು ಹೊರಡಬೇಕು. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿನಲ್ಲಿ ಕೂತು ಎರಡನ್ನೂ ತಿರುವಿ ನೋಡೋಣ ಅಂತ ಸ್ಟೂಲಿನಿಂದ ಎದ್ದೆ. ಏಳುವಾಗ ಕಪಾಟಿನ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಹಸಿರು ಬೆನ್ನು, ಕೆಳಗಿಂದ ಮೇಲಕ್ಕೆ ಓಡುವ ಹೆಸರು. ಅದನ್ನು ಓದಲು ನನಗೆ ತಲೆ ವಾಲಿಸಬೇಕಾಗಿಲ್ಲ.

ನಾಲ್ಕನೆಯದು. ಜೇಬಿನಿಂದ ಪೆನ್ಸಿಲ್ ತೆಗೆದುಕೊಂಡೇ ಪುಟ 112 ತೆಗೆದೆ. ತಿದ್ದಲು ಏನೂ ಉಳಿದಿರಲಿಲ್ಲ. ಯಾರೋ ನೀಲಿ ಇಂಕಿನಲ್ಲಿ 'ಹೊಳೆಯಾಯಿತು' ಹೊಡೆದು ಹಾಕಿ ಮೇಲೆ ದುಂಡಗೆ 'ಹೊಳವಾಯಿತು' ಅಂತ ಬರೆದಿದ್ದಾರೆ. ಅಷ್ಟಕ್ಕೇ ಬಿಟ್ಟಿಲ್ಲ. ಅಂಚಿನಲ್ಲಿ, ಅದೇ ಇಂಕಿನಲ್ಲಿ, ಒಂದು ಸಾಲು:

"ಕರಡು ನೋಡಿದವರು ಮಳೆ ನೋಡಿಲ್ಲ."

ಚೀಟಿಯಲ್ಲಿ 80 ರೂಪಾಯಿ ಇತ್ತು. ಬಿಲ್ಲಿನ ಹತ್ತಿರ ಹುಡುಗ ಪುಟ ತಿರುವಿ, "ಸಾರ್, ಇದ್ರಲ್ಲಿ ಯಾರೋ ಬರ್ದಿದಾರೆ, ಪರವಾಗಿಲ್ವಾ?" ಅಂದ. ಪರವಾಗಿಲ್ಲಪ್ಪ, ಹಾಕು ಅಂದೆ. ಮೂರನೆಯದನ್ನು ಮನೆಯೊಳಗೆ ಹೇಗೆ ಸಾಗಿಸುವುದು ಅಂತ ಯೋಚಿಸುತ್ತಾ ಕಾಫಿಗೆ ಹೋದೆ.